ಬಿಟ್ಟುಗಳ ಲೆಕ್ಕ, ಮದ್ದೂರಿನ ಪಂಕ್ತಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಮಂಡ್ಯದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮನೆ ಕೊತ್ತತ್ತಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ಬಸ್ಸು ಹತ್ತಿ ಹೋಗುವುದು. ಅಪ್ಪನಿಗೆ ಕಬ್ಬು, ಭತ್ತದ ಬೇಸಾಯ. ಮಗಳು ಮೇಷ್ಟ್ರಾಗಿದ್ದಾಳೆ ಎಂದು ಹೆಮ್ಮೆಯಿದ್ದರೂ ಎದುರಿಗೆ ಹೇಳುವ ಜನವಲ್ಲ. ಅವ್ವನಿಗೆ ನನ್ನ ಮದುವೆಯದೇ ಚಿಂತೆ. ನನಗೆ ಯಾವ ಚಿಂತೆಯೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಕಾಲೇಜು ಅಧ್ಯಾಪಕರಿಗೆ ಕಂಪ್ಯೂಟರ್ ತರಬೇತಿ ಇಟ್ಟುಕೊಂಡಿತ್ತು. ರಜೆ ಹಾಳು ಮಾಡಿಕೊಳ್ಳಲು ನಮ್ಮಲ್ಲಿ ಯಾರೂ ಮುಂದೆ ಬರಲಿಲ್ಲ. ಪ್ರಿನ್ಸಿಪಾಲರು ಸ್ಟಾಫ್ ರೂಮಿನ ಸುತ್ತ ಒಮ್ಮೆ ಕಣ್ಣು ಹಾಯಿಸಿ, ಎಲ್ಲರಿಗಿಂತ ಚಿಕ್ಕವಳು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಳಿಸಿದರು. ಅಲ್ಲಿ ನೋಡಿದರೆ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದವಳು ಮೈಸೂರಿನಲ್ಲಿ ನನ್ನ ಜೊತೆ ಎಂ.ಎಸ್ಸಿ. ಓದಿದ ಗೆಳತಿಯೇ! ಯಂತ್ರವಿದ್ದ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಹೊರಗೆ ಬಿಟ್ಟರೆ ಕಳೆದುಹೋಗುತ್ತವೆ ಎಂದು ಅವಳು ಇಡೀ ದಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದಳು. ದೊಡ್ಡ ದೊಡ್ಡ ವಿಜ್ಞಾನಿಗಳ ಜೊತೆ ಮಾತಾಡುವಾಗಲೂ ಅಷ್ಟೇ.

ಆ ತರಬೇತಿಯಲ್ಲಿ ನಾನು ಸಿ ಎಂಬ ಭಾಷೆ ಕಲಿತೆ. ಆಗಿನ್ನೂ ಅದು ಹೊಸದು. ಯಾರೋ ಹೊರದೇಶದಿಂದ ತಂದಿದ್ದ ಟೈಪು ಮಾಡಿದ ಹಾಳೆಗಳ ಮಸುಕು ನಕಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಓದಬೇಕಿತ್ತು. ಅದುವರೆಗೆ ನಾನು ಕೇಳಿದ್ದ ಕಂಪ್ಯೂಟರ್ ಭಾಷೆಗಳೆಲ್ಲ ಅಂಕಿಗಳನ್ನು ದೂರದಿಂದ ಮುಟ್ಟುವಂಥವು. ಇದು ಹಾಗಲ್ಲ. ಯಂತ್ರದೊಳಗಿನ ಒಂದೊಂದು ಬಿಟ್ಟನ್ನೂ, ಅಂದರೆ ದೀಪದ ಸ್ವಿಚ್ಚಿನ ಹಾಗೆ ಆನ್ ಅಥವಾ ಆಫ್ ಆಗಿರುವ ಒಂದೊಂದು ಗುರುತನ್ನೂ, ಬೆರಳಲ್ಲಿ ಹಿಡಿದು ತಿರುಗಿಸಬಹುದಿತ್ತು. ನನಗೆ ಅದು ಹಿಡಿಸಿಬಿಟ್ಟಿತು. ತರಬೇತಿ ಮುಗಿದ ಮೇಲೂ ಶನಿವಾರ ಬಂತೆಂದರೆ ಬೆಂಗಳೂರಿನ ಬಸ್ಸು ಹತ್ತತೊಡಗಿದೆ. ಗೆಳತಿ ಯಾರನ್ನೋ ಕಾಡಿಬೇಡಿ ನನಗೆ ಯಂತ್ರಕ್ಕೆ ಜೋಡಿಸಿದ್ದ ಒಂದು ಟರ್ಮಿನಲ್ಲಿನ ಮುಂದೆ ಜಾಗ ಮಾಡಿಕೊಡುತ್ತಿದ್ದಳು.

ಅಲ್ಲಿ ಎಲ್ಲರೂ ಬೈದುಕೊಳ್ಳುತ್ತಿದ್ದ ಒಂದು ತೊಂದರೆ ಇತ್ತು. ಎಲ್ಲರ ಕೆಲಸವೂ ಒಂದೇ ಡಿಸ್ಕಿನ ಮೇಲೆ ಇರುತ್ತಿತ್ತು. ಡಿಸ್ಕನ್ನು ಸಣ್ಣ ಸಣ್ಣ ಖಾನೆಗಳಾಗಿ ಭಾಗ ಮಾಡಿ, ಖಾನೆಗೊಂದು ಬಿಟ್ಟು ಇಟ್ಟಿದ್ದರು. ಖಾಲಿ ಇದ್ದರೆ ಒಂದು, ತುಂಬಿದ್ದರೆ ಸೊನ್ನೆ. ಯಾರಾದರೂ ಏನನ್ನಾದರೂ ಉಳಿಸಿಡಲು ಹೋದರೆ, ಖಾಲಿ ಖಾನೆ ಹುಡುಕುವ ಪ್ರೋಗ್ರಾಮು ಪ್ರತಿಸಲವೂ ಮೊದಲನೆಯದರಿಂದ ಶುರುಮಾಡಿ ಒಂದೊಂದೇ ಬಿಟ್ಟು ನೋಡುತ್ತ ಹೋಗುತ್ತಿತ್ತು. ಬಾಡಿಗೆ ಮನೆ ಹುಡುಕುವವನು ಬೀದಿಯ ತುದಿಯಿಂದ ಒಂದೊಂದೇ ಬಾಗಿಲು ತಟ್ಟಿದ ಹಾಗೆ. ಬೆಳಿಗ್ಗೆ ಹೇಗೋ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಡಿಸ್ಕು ತುಂಬಿದ ಹಾಗೆಲ್ಲ ಯಂತ್ರ ತೂಕಡಿಸುತ್ತಿತ್ತು, ಸಂಶೋಧಕರು ಮೇಜಿನ ಮೇಲೆ ಬೆರಳು ಕುಟ್ಟುತ್ತ ಕೂತಿರುತ್ತಿದ್ದರು.

ಇದನ್ನು ನಾನು ಸರಿಮಾಡಲೇ ಎಂದು ಕೇಂದ್ರದ ಮುಖ್ಯಸ್ಥರನ್ನು ಕೇಳಿದೆ. ಯಾವಾಗಲೂ ಏನಾದರೊಂದು ರಾಗ ಗುನುಗುತ್ತಿದ್ದ ಮೃದು ಮನುಷ್ಯ ಅವರು. ಗುನುಗುವುದನ್ನು ಒಂದು ಕ್ಷಣ ನಿಲ್ಲಿಸಿ, ಮಾಡು, ಆದರೆ ಮೂಲೆಯಲ್ಲಿರುವ ಹಳೆಯ ಡಿಸ್ಕಿನ ಮೇಲೆ ಮಾತ್ರ ಮಾಡು ಎಂದು ಹೇಳಿ ಮತ್ತೆ ಗುನುಗುತ್ತ ಹೋದರು.

ಆ ಪ್ರೋಗ್ರಾಮಿನ ಮುಕ್ಕಾಲು ಭಾಗ ಹುಟ್ಟಿದ್ದು ಬಸ್ಸಿನಲ್ಲೇ. ಆ ಯಂತ್ರ ಹದಿನಾರು ಬಿಟ್ಟುಗಳನ್ನು ಒಂದು ಪದವಾಗಿ ಒಟ್ಟಿಗೆ ಓದುತ್ತಿತ್ತು. ಹಾಗಾದರೆ ಹದಿನಾರು ಖಾನೆಗಳ ಗುಂಪಿಗೆ ಮೇಲೊಂದು ಬಿಟ್ಟು ಇಡೋಣ. ಕೆಳಗಿನ ಹದಿನಾರರಲ್ಲಿ ಎಲ್ಲಾದರೂ ಒಂದು ಖಾಲಿ ಇದ್ದರೆ ಮೇಲಿನದು ಒಂದು, ಎಲ್ಲವೂ ತುಂಬಿದರೆ ಸೊನ್ನೆ. ಅಂಥ ಮೇಲಿನ ಬಿಟ್ಟುಗಳು ಹದಿನಾರು ಸೇರಿದರೆ ಅವಕ್ಕೂ ಮೇಲೊಂದು. ಹೀಗೆ ಮೂರು ಹಂತ ಕಟ್ಟಿದರೆ ನಾಲ್ಕು ಸಾವಿರಕ್ಕೂ ಮಿಕ್ಕಿದ ಖಾನೆಗಳಲ್ಲಿ ಖಾಲಿ ಇರುವುದು ಮೂರೇ ನೋಟಕ್ಕೆ ಸಿಕ್ಕಿಬಿಡುತ್ತದೆ. ತುತ್ತತುದಿಯ ಪದ ಸೊನ್ನೆಯಾಗಿದ್ದರೆ ಡಿಸ್ಕೇ ಭರ್ತಿ, ಕೆಳಗೆ ಇಣುಕುವುದೂ ಬೇಡ.

ಒಂದು ಪದದಲ್ಲಿ ಮೊದಲನೆಯ ಒಂದು ಎಲ್ಲಿದೆ ಎಂದು ಹುಡುಕುವುದಕ್ಕೂ ಒಂದು ಉಪಾಯ ಬೇಕಿತ್ತು. ಒಂದು ಶನಿವಾರ ಬಸ್ಸು ಮದ್ದೂರು ದಾಟಿ ನಿಡಘಟ್ಟದ ಹತ್ತಿರ ಹೋಗುತ್ತಿದ್ದಾಗ ಅದು ಹೊಳೆಯಿತು. ಸಂಖ್ಯೆಯನ್ನು ಅದರದೇ ಋಣ ಸಂಖ್ಯೆಯ ಜೊತೆ ಬಿಟ್ಟಿಗೆ ಬಿಟ್ಟು ಹೊಂದಿಸಿ ನೋಡಿದರೆ ಎರಡರಲ್ಲೂ ಇರುವುದು ಆ ಒಂದೇ ಬಿಟ್ಟು, ಉಳಿದದ್ದೆಲ್ಲ ಸೊನ್ನೆ. ಸಂತೋಷ ತಡೆಯದೆ "ಆಹಾ" ಎಂದುಬಿಟ್ಟೆ. ಕಂಡಕ್ಟರ್ ಸೀಟಿ ಊದಿಯೇಬಿಟ್ಟ. ಬಸ್ಸು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಏನೂ ಇಲ್ಲ, ಹೋಗಿ ಎಂದೆ.

"ಇಳಿಯಂಗಿದ್ರೆ ಇಳಿ ಕಣಮ್ಮ, ಇಲ್ದಿದ್ರೆ ಸುಮ್ಕೆ ಕುಂತ್ಕೊ" ಎಂದು ಕಂಡಕ್ಟರ್ ರೈಟ್ ಹೇಳಿದ. ಅಲ್ಲಿಂದ ಬೆಂಗಳೂರಿನವರೆಗೆ ನಾನು ಬಾಯಿ ಬಿಗಿಹಿಡಿದುಕೊಂಡು ಕಿಟಕಿಯ ಕಡೆ ನಗುತ್ತ ಕೂತಿದ್ದೆ.

ಪ್ರೋಗ್ರಾಮು ಓಡಿತು. ಹತ್ತಿಪ್ಪತ್ತು ಖಾನೆ ತುಂಬಿಸಿ, ಕೆಲವನ್ನು ಬಿಡಿಸಿ, ಅಂದರೆ ಮತ್ತೆ ಖಾಲಿ ಮಾಡಿ, ಜಾಗ ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ನಾವಿಬ್ಬರೂ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದೆವು. ಆಮೇಲೆ ಗೆಳತಿ, ಡಿಸ್ಕು ಪೂರ್ತಿ ತುಂಬುವವರೆಗೆ ಓಡಿಸಿ ನೋಡೋಣ ಎಂದಳು. ತುಂಬಿಸಿದೆವು. ನಡುವೆ ಒಂದು ಖಾನೆ ಬಿಡಿಸಿದೆವು. ಜಾಗ ಕೇಳಿದರೆ ಯಂತ್ರ ಡಿಸ್ಕು ಭರ್ತಿ ಎಂದಿತು. ಕಣ್ಣೆದುರಿಗೇ ಖಾನೆ ಖಾಲಿ ಇದೆ! ಮತ್ತೆ ಕೇಳಿದರೂ ಭರ್ತಿ. ಖಾಲಿ ಹುಡುಕುವ ಭಾಗದಲ್ಲೇ ತಪ್ಪಿರಬೇಕೆಂದು ಅದನ್ನೇ ಹಿಂದೆ ಮುಂದೆ ತಿರುವಿದೆವು. ಮರು ಶನಿವಾರವೂ ಅದನ್ನೇ ಮಾಡಿದೆವು. ಹುಡುಕುವ ಭಾಗದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗೆಳತಿ ಚಪ್ಪಲಿಯನ್ನು ಮೇಜಿನ ಮೇಲಿಟ್ಟು ಯೋಚನೆ ಮಾಡತೊಡಗಿದಳು. ಅವಳು ಸೋತಿದ್ದಾಳೆ ಎಂದು ನನಗೆ ಗೊತ್ತಾಯಿತು.

ಅಷ್ಟರಲ್ಲಿ ಮದ್ದೂರಿನಲ್ಲಿ ಮದುವೆ ಬಂತು. ಅವ್ವನ ತಮ್ಮ, ನನ್ನ ಸೋದರಮಾವ, ಅಲ್ಲಿ ದವಸದ ಮಂಡಿ ಇಟ್ಟಿದ್ದ. ಅವನ ಮಗಳಿಗೆ ಮಳವಳ್ಳಿಯ ಕಡೆ ಗಂಡು. ಮಾವ ಕರೆಯದೆ ಬಿಟ್ಟವರು ಯಾರೂ ಇರಲಿಲ್ಲ. ಛತ್ರದ ಊಟದ ಮನೆ ಸಾಲದೆಂದು ಪಕ್ಕದ ಬಯಲಿನಲ್ಲಿ ಎರಡು ಚಪ್ಪರ ಹಾಕಿಸಿದ್ದ. ಆದರೂ ಬೆಳಗಿನ ತಿಂಡಿಯ ಹೊತ್ತಿಗೇ ರಾದ್ಧಾಂತವಾಯಿತು. ಜನ ಒಳಗೆ ನುಗ್ಗಿ ಎಲೆ ಎಲೆ ನೋಡುತ್ತ ಸಾಲಿನ ನಡುವೆ ಓಡಾಡುತ್ತಾರೆ, ಒಂದು ಕಡೆ ನಾಲ್ಕು ಎಲೆ ಖಾಲಿ, ಇನ್ನೊಂದು ಕಡೆ ಜನ ನಿಂತಿದ್ದಾರೆ, ಎಲ್ಲರೂ ಕೂರದೆ ಬಡಿಸುವ ಹಾಗಿಲ್ಲ. ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಮಧ್ಯಾಹ್ನ ಬೀಗರ ಕಡೆಯಿಂದ ಇನ್ನೂ ಬಸ್ಸುಗಳು ಬರುವುದಿತ್ತು. ಮಾವ ಹಣೆ ಒರೆಸಿಕೊಳ್ಳುತ್ತ ಕಂಬಕ್ಕೆ ಒರಗಿದ್ದ.

ಊಟ ಕೂರಿಸುವ ಕೆಲಸ ನಂಗೆ ಬಿಡು ಎಂದೆ. ಅವನು ಅನುಮಾನದಿಂದ ನೋಡಿದ. ಬೇರೆ ದಾರಿಯೂ ಇರಲಿಲ್ಲ. "ಏನಾದ್ರೂ ಮಾಡವ್ವ, ಬೀಗ್ರು ಮುಂದೆ ಮಾನ ಉಳುಸು" ಎಂದ.

ಪ್ರತಿ ಸಾಲಿನ ತುದಿಗೆ ಒಬ್ಬರನ್ನು ನಿಲ್ಲಿಸಿದೆ. ತಮ್ಮ ಸಾಲಿನಲ್ಲಿ ಒಂದೇ ಒಂದು ಎಲೆ ಖಾಲಿ ಇದ್ದರೂ ಅವರು ಕೈ ಎತ್ತಿರಬೇಕು, ತುಂಬಿದ ಕೂಡಲೇ ಇಳಿಸಬೇಕು. ಒಂದೊಂದು ಚಪ್ಪರದ ಬಾಗಿಲಲ್ಲೂ, ಊಟದ ಮನೆಯ ಬಾಗಿಲಲ್ಲೂ ಒಬ್ಬೊಬ್ಬರು ಟವಲು ಎತ್ತಿ ಹಿಡಿದು ನಿಲ್ಲಬೇಕು. ಒಳಗೆ ಒಂದು ಕೈಯೂ ಎತ್ತಿಲ್ಲವೆಂದಾಗ ಟವಲು ಇಳಿಸಬೇಕು. ನಾನು ಹೊರಗೆ ಗೇಟಿನಲ್ಲಿ ನಿಂತು ಮೂರು ಟವಲುಗಳನ್ನು ಮಾತ್ರ ನೋಡುತ್ತ ಬಂದವರನ್ನು ಕಳಿಸುವುದು. ಹೌದು, ಅದು ನನ್ನ ಪ್ರೋಗ್ರಾಮೇ. ಮುಚ್ಚುಮರೆ ಏನೂ ಇಲ್ಲ. ನನಗೆ ಆಗ ತಲೆಯಲ್ಲಿದ್ದದ್ದು ಅದೊಂದೇ.

ಮಳವಳ್ಳಿಯ ಬಸ್ಸುಗಳು ಬಂದವು. ಜನ ನೀರು ಇಳಿದ ಹಾಗೆ ಇಳಿದು ಒಳಗೆ ಹೋಗಿ ಕೂತರು. ಗದ್ದಲವಿಲ್ಲ, ನೂಕಾಟವಿಲ್ಲ. ಮಾವ ಬಂದು ಬಗ್ಗಿ ನೋಡಿ, ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಹೋದ. ಒಂದೊಂದಾಗಿ ಮೂರು ಟವಲೂ ಇಳಿದವು. ಬಡಿಸಿ ಎಂದು ಇನ್ನೇನು ಕೂಗಬೇಕು, ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು. ಮದುವೆ ಗಂಡಿನ ಅಜ್ಜಿ. ದೇವರಿಗೆ ಕೈಮುಗಿಯಲು ಹೋಗಿ ಹಿಂದೆ ಉಳಿದಿದ್ದರಂತೆ. ಗಂಡಿನ ಅಜ್ಜಿಗೇ ಜಾಗವಿಲ್ಲ ಎನ್ನುವುದು ಹೇಗೆ?

ಅವರನ್ನು ಕರೆದುಕೊಂಡು ಎರಡನೆಯ ಚಪ್ಪರದೊಳಗೆ ಇಣುಕಿದೆ. ನಡುವಿನ ಸಾಲಿನ ತುದಿಯಲ್ಲಿ ನಮ್ಮ ದೂರದ ನೆಂಟನೊಬ್ಬ ಕೈ ಎತ್ತಿಕೊಂಡು ನಿಂತಿದ್ದಾನೆ! ಆ ಸಾಲಿನಿಂದ ಯಾರೋ ಒಬ್ಬ ಭಾವಮೈದುನನ ಪಕ್ಕ ಕೂರಬೇಕೆಂದು ಊಟದ ಮನೆಗೆ ಎದ್ದುಹೋಗಿದ್ದ. ಎಲೆ ಖಾಲಿಯಾದ ಕೂಡಲೇ ಇವನು ನಿಯತ್ತಾಗಿ ಕೈ ಎತ್ತಿದ್ದ. ಒಂದು ಕೈ ನೋಯುತ್ತದೆಂದು ಇನ್ನೊಂದನ್ನು ಎತ್ತಿ ಕಾಯುತ್ತಿದ್ದ. ಬಾಗಿಲಲ್ಲಿದ್ದ ಮೀಸೆಯ ದೊಡ್ಡಪ್ಪ ಮಾತ್ರ ಟವಲನ್ನು ತಲೆಗೆ ಸುತ್ತಿಕೊಂಡು ಬೀಡಿ ಹಚ್ಚುತ್ತಿದ್ದರು. ಟವಲು ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

"ತುಂಬ್ತು ಅಂತ ಇಳಿಸ್ಬುಟ್ಟೆ ಕಣವ್ವ" ಎಂದರು. "ಇಳಿಸಾದ್ ಏಳ್ದೆ, ತಿರ್ಗಾ ಎತ್ತಾದ್ ಎಲ್ ಏಳ್ದೆ ನೀನು?"

ನಿಜ. ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ, ಯಂತ್ರಕ್ಕೂ ಹೇಳಿರಲಿಲ್ಲ. ಖಾನೆ ಬಿಡಿಸುವಾಗ ಅದರ ಬಿಟ್ಟನ್ನು ಒಂದು ಮಾಡಿ, ಅದರ ಮೇಲಿನದನ್ನೂ ಒಂದು ಮಾಡಿ, ಅಲ್ಲಿಗೇ ಕೈಬಿಟ್ಟಿದ್ದೆ. ಅದಕ್ಕೂ ಮೇಲಿನ ಹಂತ ಹಳೆಯ ಸೊನ್ನೆಯನ್ನೇ ಹಿಡಿದುಕೊಂಡು ಕೂತಿತ್ತು. ಇನ್ನೂರೈವತ್ತಾರು ಖಾನೆ ತುಂಬುವವರೆಗೆ ಅಲ್ಲಿನ ಒಂದು ಬಿಟ್ಟೂ ಸೊನ್ನೆಯಾಗುವುದಿಲ್ಲವಲ್ಲ, ಹಾಗಾಗಿ ಸಣ್ಣ ಪರೀಕ್ಷೆಗಳಲ್ಲಿ ಅದು ಕಾಣಲೇ ಇಲ್ಲ. ನಾವು ಹುಡುಕುವ ಭಾಗವನ್ನು ಸೋಸುತ್ತಿದ್ದೆವು, ತಪ್ಪು ಬಿಡಿಸುವ ಭಾಗದಲ್ಲಿ ಹಾಯಾಗಿತ್ತು. ನನಗೆ ನಗು ಉಕ್ಕಿತು. ಬೀಗರ ನಡುವೆ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದಂಥ ನಗು.

ಅಜ್ಜಿಯ ಮುಖ ಗಂಟಿಕ್ಕಿತು. "ವಯಸ್ಸಾದೋಳ್ನ ನಿಲ್ಸಿ ನಗ್ತಿದ್ದೀಯಲ್ಲವ್ವ" ಎಂದರು.

"ನಿಮ್ಮನ್ನ ನೋಡಿ ನಗ್ನಿಲ್ಲ ಅಜ್ಜಿ. ಅದೆಷ್ಟೋ ದಿನದಿಂದ ಹುಡುಕ್ತಿದ್ದ ತಪ್ಪು ಈಗ ಸಿಕ್ತು."

"ಸಿಕ್ತಲ್ಲ. ಹಂಗಾರೆ ನನ್ನೆಲೆ ತೋರ್ಸು ನಡಿ."

ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದೆ. ಊಟ ಮುಗಿಯುವವರೆಗೆ ಅವರ ಎಲೆಯ ಉಸ್ತುವಾರಿ ನನ್ನದೇ. ಪಾಯಸವನ್ನು ನಾನೇ ಬಡಿಸಿದೆ. ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುವ ಹೊತ್ತಿಗೆ ಅವರ ಸಿಟ್ಟು ಇಳಿದಿತ್ತು. ಏನು ತಪ್ಪು, ಎಲ್ಲಿ ಸಿಕ್ಕಿತು ಎಂದು ವಿಚಾರಿಸಿಕೊಂಡರು. ನಾನು ಡಿಸ್ಕು, ಖಾನೆ, ಬಿಟ್ಟು ಎಂದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಅಡಿಗೆ ಮಾಡಲು ಬರುತ್ತದೋ ಎಂದು ಕೇಳಿದರು. ಬರುತ್ತದೆ ಎಂದೆ. ಹಾಗಾದರೆ ತಲೆ ಸರಿಯಾಗೇ ಇದೆ ಎಂದು ಪಕ್ಕದವರಿಗೆ ನನ್ನ ಪರವಾಗಿ ವಾದಿಸಿದರು. ಮುಂದಿನ ಪಂಕ್ತಿಗೆ ಮೀಸೆಯ ದೊಡ್ಡಪ್ಪ ಟವಲನ್ನು ಎತ್ತುವುದೇನು, ಇಳಿಸುವುದೇನು, ರೈಲಿನ ಗಾರ್ಡನ್ನೂ ಮೀರಿಸಿಬಿಟ್ಟರು.

ಮರು ಶನಿವಾರ ಬಿಡಿಸುವ ಭಾಗಕ್ಕೆ ನಾಲ್ಕೇ ಸಾಲು ಸೇರಿಸಿದೆ. ಬಿಟ್ಟು ಒಂದು ಮಾಡುವ ಮುಂಚೆ ಆ ಪದ ಸೊನ್ನೆಯಾಗಿತ್ತೇ ನೋಡು, ಆಗಿದ್ದರೆ ಮೇಲಿನ ಹಂತಕ್ಕೆ ಹೋಗಿ ಅದೇ ಕೆಲಸ ಮಾಡು, ತುದಿ ಮುಟ್ಟುವವರೆಗೆ. ಡಿಸ್ಕು ಪೂರ್ತಿ ತುಂಬಿಸಿ, ಒಂದು ಖಾನೆ ಬಿಡಿಸಿ, ಜಾಗ ಕೇಳಿದೆವು. ಥಟ್ಟನೆ ಅದೇ ಖಾನೆಯನ್ನು ಕೊಟ್ಟಿತು. ಗೆಳತಿ ನನ್ನನ್ನು ತಬ್ಬಿಕೊಂಡಾಗ ಅವಳ ಚಪ್ಪಲಿ ನನ್ನ ಬೆನ್ನಿಗೆ ಬಡಿಯಿತು. ಮುಖ್ಯಸ್ಥರು ಬಂದು ತಾವೇ ಕೂತು ನಾನಾ ಬಗೆಯಲ್ಲಿ ತುಂಬಿಸಿ ಬಿಡಿಸಿ ನೋಡಿದರು. ಎಲ್ಲೂ ತಪ್ಪಲಿಲ್ಲ. ಪ್ರೋಗ್ರಾಮಿನಲ್ಲಿ ನಾನು ಹಂತಗಳಿಗೆ ಎಲೆ, ಸಾಲು, ಚಪ್ಪರ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದನ್ನು ಕಂಡು ಇವೇನು ಎಂದು ಕೇಳಿದರು. ಹೇಳಿದೆ. ಅವರು ಗುನುಗುವುದನ್ನೂ ಮರೆತು ನಕ್ಕು, ಹಾಗೇ ಇರಲಿ ಎಂದರು. ತಿಂಗಳೊಪ್ಪತ್ತಿನಲ್ಲಿ ಅದು ಎಲ್ಲರೂ ಬಳಸುವ ದೊಡ್ಡ ಡಿಸ್ಕಿಗೂ ಬಂತು. ಮಧ್ಯಾಹ್ನ ಮೇಜು ಕುಟ್ಟುವ ಸದ್ದು ನಿಂತಿತು. ಉತ್ತರ ದೇಶದಿಂದ ಬಂದ ಸಂಶೋಧಕರು ಚಪ್ಪರವನ್ನು ಚಪ್ಪರ್ ಎನ್ನುತ್ತಿದ್ದರು. ಅದು ಅವರಲ್ಲೂ ಇರುವ ಮಾತೇ ಅಂತೆ.

ತಪ್ಪು ತಿದ್ದಿದ ಆ ಶನಿವಾರ ಸಂಜೆ ಕೊತ್ತತ್ತಿಗೆ ಬಂದಾಗ ಅಪ್ಪ ನಾಲೆಯ ಏರಿಯ ಮೇಲೆ ನಿಂತಿದ್ದರು. ಕೆಲಸ ಮುಗಿಯಿತು ಎಂದೆ. ಇನ್ನು ಶನಿವಾರ ಮನೆಯಲ್ಲಿರುತ್ತೀಯೋ ಎಂದು ಕೇಳಿದರು. ಇಲ್ಲ, ಇನ್ನೊಂದು ಕೆಲಸ ಒಪ್ಪಿಸಿದ್ದಾರೆ ಎಂದೆ.

"ಒಳ್ಳೇದಾಯ್ತು ಬುಡು" ಎಂದರು ಅಪ್ಪ. "ಮನೇಲಿದ್ರೂ ನೀನು ಮನೇಲಿರಾಕಿಲ್ಲ."

ಹೆಮ್ಮೆಯ ಮಾತೋ, ದೂರೋ ಎಂದು ನಾನು ಕೇಳಲಿಲ್ಲ. ಇಬ್ಬರೂ ಏರಿಯ ಮೇಲೆ ಮನೆಯ ಕಡೆ ನಡೆದೆವು. ದಾರಿಯುದ್ದಕ್ಕೂ ಹೊಸ ಕೆಲಸ ಏನೆಂದು ಅವರು ಒಂದೊಂದಾಗಿ ಕೇಳುತ್ತಲೇ ಬಂದರು.