ಬಾಳಾಬಾಯಿಯ ಪಾಳಿ

ಮಹಾರಾಷ್ಟ್ರದ ಗಡಿಯಲ್ಲಿ, ದರಿಬಡಚಿಯಿಂದ ಬಸ್ಸಿನಲ್ಲಿ ಬರುವವರು ಇಳಿಯುವ ಒಂದು ಊರಿನಲ್ಲಿ ಸರಕಾರಿ ದವಾಖಾನೆಯಿದೆ. ಬಾಗಿಲು ಒಂಬತ್ತಕ್ಕೆ ತೆರೆಯುತ್ತದೆ, ಡಾಕ್ಟರು ಹನ್ನೆರಡೂವರೆಯ ತನಕ ನೋಡುತ್ತಾರೆ. ಇಷ್ಟನ್ನು ಹೊರಗಿನ ಬೋರ್ಡಿನ ಮೇಲೆ ಮರಾಠಿಯಲ್ಲಿ ಬರೆದಿದ್ದಾರೆ. ಯಾರು ಮೊದಲು ಒಳಗೆ ಹೋಗಬೇಕು, ಯಾರು ಆಮೇಲೆ ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಅದು ಹನ್ನೊಂದು ವರ್ಷದಿಂದ ಬಾಳಾಬಾಯಿಯ ತಲೆಯಲ್ಲಿತ್ತು.

ಆ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಿರಲಿಲ್ಲ. ಬಿಪಿ ಗುಳಿಗೆಗೆಂದು ಮೊದಲ ಸಲ ಬಂದ ದಿನ ಬಾಗಿಲಲ್ಲಿ ಇಬ್ಬರು ಗಂಡಸರು ಪಾಳಿಗಾಗಿ ಒಬ್ಬರ ಕೊರಳಪಟ್ಟಿ ಇನ್ನೊಬ್ಬರು ಹಿಡಿದಿದ್ದರು. "ನೀ ಇವನ ಹಿಂದ ಬಂದಿ. ಇವ ಆ ಹಸರ ಸೀರಿ ಅಕ್ಕನ ಹಿಂದ ಬಂದ. ಸುಮ್ನ ಕುಂದರ್ರಿ ಇಬ್ರೂ" ಎಂದು ಬಾಳಾಬಾಯಿ ಗದರಿದಳು. ಹಸಿರು ಸೀರೆಯವಳು ಹೌದೆಂದಳು. ಅಂದಿನಿಂದ ಅವಳು ದಿನಾ ಬಂದು ಮೆಟ್ಟಿಲ ಮೇಲೆ ಕೂರತೊಡಗಿದಳು, ಬಂದವರೆಲ್ಲ ಅವಳಿಗೆ "ಬಂದೀನಿ ಆಯಿ" ಎಂದು ಹೇಳಿ ಬೇವಿನ ನೆರಳಿಗೆ ಹೋಗತೊಡಗಿದರು. ಅವಳು ಕರೆದಾಗ ಎದ್ದು ಬಂದರಾಯಿತು. ನಲವತ್ತು ಮಂದಿಯಿದ್ದರೂ ಒಬ್ಬರೂ ಹಿಂದುಮುಂದಾಗುತ್ತಿರಲಿಲ್ಲ. ಒಮ್ಮೆ ಊರ ಸರಪಂಚನ ಮೈದುನ ಅಂಗಿಯ ಇಸ್ತ್ರಿ ಮುರಿಯದಂತೆ ಬಂದು ನೇರ ಒಳಗೆ ನುಗ್ಗಲು ನೋಡಿದ. ಅವನನ್ನು ಕುರಿ ಕಾಯುವ ಬೀರುವಿನ ಹಿಂದೆ ಕೂರಿಸಿ, ಬೀರುವಿನ ಕೆಮ್ಮಿನ ಕಥೆ ಪೂರ್ತಿ ಕೇಳಿಸಿದಳು.

ಈ ನೆನಪು ಕಬ್ಬಿನ ಗದ್ದೆಯಲ್ಲಿ ಪಳಗಿದ್ದು. ವಯಸ್ಸಿನಲ್ಲಿದ್ದಾಗ ಅವಳು ಗಂಡನ ಜೊತೆ ಕಬ್ಬು ಕಡಿಯುವ ಕೂಲಿಗಳ ಟೋಳಿಯಲ್ಲಿ ಪಶ್ಚಿಮದ ಕಡೆ ಹೋಗುತ್ತಿದ್ದಳು. ಟೋಳಿಯ ಗುಡಿಸಲುಗಳಿಗೆ ನೀರಿನ ಟ್ಯಾಂಕರ್ ಬಂದರೆ ಎಲ್ಲರ ಕೊಡವೂ ಒಂದೇ ಬಣ್ಣದ ಪ್ಲಾಸ್ಟಿಕ್ಕಿನದು. ಯಾವ ಕೊಡ ಯಾರದು, ಯಾರದರ ಹಿಂದೆ ಯಾರದು ಎಂದು ಬಾಳಾಬಾಯಿ ಹೇಳಿದರೆ ಜಗಳ ಮುಗಿಯುತ್ತಿತ್ತು. ಓದು ಬರಹ ಅವಳಿಗೆ ಬಾರದು. ಅದರ ಕೊರತೆಯೂ ಅವಳಿಗೆ ಕಂಡಿರಲಿಲ್ಲ.

ಈಗ ಅವಳ ಮನೆಯಲ್ಲಿ ಮಗ ತಾನಾಜಿ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಹೊತ್ತಿಗೆ ಸರಿಯಾಗಿ ರೊಟ್ಟಿ ಬರುತ್ತದೆ, ಕೊರತೆಯೇನಿಲ್ಲ. ಆದರೆ ಅಲ್ಲಿ ಯಾರೂ ಅವಳನ್ನು ಕೇಳಿ ಒಂದು ಕೆಲಸ ಮಾಡುವುದಿಲ್ಲ. ದವಾಖಾನೆಯ ಮೆಟ್ಟಿಲ ಮೇಲೆ ಅವಳನ್ನು ಕೇಳದೆ ಯಾರೂ ಕದಲುತ್ತಿರಲಿಲ್ಲ. ಅವಳು ಬದುಕುತ್ತಿದ್ದದ್ದೇ ಅದರ ಮೇಲೆ ಎಂದರೂ ತಪ್ಪಿಲ್ಲ.

ಒಂದು ಸೋಮವಾರ ಡಾಕ್ಟರು ಎದ್ದು ಹೋದ ಮೇಲೆ ಬಾಳಾಬಾಯಿ ಸೀರೆ ಕೊಡವಿಕೊಂಡು ಎದ್ದಳು. ಬೇವಿನ ಬುಡದಲ್ಲಿ ಒಬ್ಬ ಹೆಂಗಸು ಇನ್ನೂ ಕುಳಿತಿದ್ದಳು. ದರಿಬಡಚಿ ಕಡೆಯ ಹೊಲಮನೆಗಳ ಒಂದು ವಸ್ತಿಯ ನಂದಾ, ಕೂಲಿಗೆ ಹೋಗುವವಳು. ಕುಡುಗೋಲು ತಾಗಿದ ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದಳು. ಹನ್ನೊಂದರ ಬಸ್ಸಿಗೆ ಇಳಿದು "ಬಂದೀನಿ ಆಯಿ" ಎಂದು ಹೇಳಿಯೇ ಕುಳಿತಿದ್ದಳು. ಬಾಳಾಬಾಯಿಗೆ ಅದು ಆಗ ನೆನಪಾಯಿತು.

"ನಿನ್ನ ಕರೀಲೇ ಇಲ್ಲಲ್ಲ ನಾ."

"ಇರ್ಲಿ ಬಿಡ ಆಯಿ. ನಾಳಿ ಬರ್ತೀನಿ."

ಮರುದಿನ ಅವಳ ಕೈ ಮೊಳಕೈ ತನಕ ಬಾತುಕೊಂಡಿತ್ತು. ಆಂಬುಲೆನ್ಸಿನಲ್ಲಿ ತಾಲೂಕಿನ ದೊಡ್ಡ ದವಾಖಾನೆಗೆ ಒಯ್ದರು, ನಾಲ್ಕು ದಿನ ಇಟ್ಟುಕೊಂಡರು. ಬಾಳಾಬಾಯಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಎರಡು ತಿಂಗಳಿಂದ ಅವಳು ಬಂದವರ ಲೆಕ್ಕಕ್ಕೆ ಗುಟ್ಟಾಗಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಗಂಟು ಎಷ್ಟೆಂಬುದು ಬೆರಳಿಗೆ ಗೊತ್ತಾಗುತ್ತಿತ್ತು, ಯಾವುದು ಯಾರದೆಂಬುದು ಆಗುತ್ತಿರಲಿಲ್ಲ.

ಹೊಸದಾಗಿ ಬಂದಿದ್ದ ಡಾಕ್ಟರ್ ಮೋನಾಲಿಗೆ ಒಂದು ಸಂಶಯವಿತ್ತು. ಸುತ್ತಲಿನ ವಸ್ತಿಗಳಲ್ಲಿ ಜಡ್ಡು ಇರುವಷ್ಟು ಜನ ತನ್ನ ಮೇಜಿನ ತನಕ ಬರುತ್ತಿಲ್ಲ. ಯಾಕೆಂದು ಪೇಶಂಟರನ್ನೇ ಕೇಳೋಣ ಎಂದು ಮುಂದಿನ ಗುರುವಾರ ವರಾಂಡದಲ್ಲಿ ಸಭೆ ಕರೆದರು. ಮೂವತ್ತು ಮಂದಿ ಬಂದರು, ಚಹಾ ಆಯಿತು. ಸಿಸ್ಟರ್ ದಾಕ್ಷಾಯಣಿ ವಹಿ ಬಿಚ್ಚಿಕೊಂಡು ಬರೆಯಲು ಕುಳಿತಳು. ಡಾಕ್ಟರು ಮರಾಠಿಯಲ್ಲಿ ಕೇಳಿದ್ದನ್ನು ಹಿರಿಯರಿಗಾಗಿ ಕನ್ನಡದಲ್ಲಿ ಹೇಳಿದಳು: "ಇಲ್ಲಿಗಿ ಬಂದು ಮ್ಯಾಡಮ್ಮಗ ತೋರಸ್ಬೇಕಂದ್ರ ನಿಮಗೇನ ತ್ರಾಸ ಅದ, ಹೇಳ್ರಿ."

ಸಕ್ಕರೆ ಕಾಯಿಲೆಯ ಸಿದರಾಯ ಎದ್ದು ನಿಂತ. ಸಭೆ ಯಾವುದಾದರೂ ಮೊದಲು ಏಳುವವನು ಅವನೇ. "ತ್ರಾಸ ಏನೂ ಇಲ್ರಿ. ಬಾಳಾಬಾಯಿ ಇರೂತನಕ ಪಾಳಿದ್ದು ಚಿಂತಿ ಇಲ್ಲ. ರುಗ್ಣ ಕಲ್ಯಾಣ ಸಮಿತಿಗಿ ನಮ್ಮ ಕಡಿಂದ ಆಕೀನ್ನ ಮೆಂಬರ್ ಮಾಡ್ರಿ."

ಎಲ್ಲರೂ ಹೌದು ಹೌದೆಂದರು. ಡಾಕ್ಟರು ನಕ್ಕು ಬಾಳಾಬಾಯಿಯ ಕಡೆ ನೋಡಿದರು. ದವಾಖಾನೆಯ ಆಡಳಿತ ನೋಡುವ ಆ ಸಮಿತಿಯಲ್ಲಿ ಡಾಕ್ಟರ ಪಕ್ಕ ಕುರ್ಚಿ ಎಂದರೆ ಸಣ್ಣ ಮಾತಲ್ಲ. ಅವಳ ಕುಲದಲ್ಲಿ ಯಾರೂ ಅಂಥ ಕುರ್ಚಿಯಲ್ಲಿ ಕೂತಿರಲಿಲ್ಲ. ಸುಮ್ಮನಿದ್ದರೆ ಅದು ಸಿಗುತ್ತಿತ್ತು. ಬಾಯಿ ಬಿಟ್ಟರೆ ಮೆಟ್ಟಿಲೂ ಹೋಗುತ್ತಿತ್ತು. ದಾಕ್ಷಾಯಣಿ 'ತಕರಾರು ಇಲ್ಲ' ಎಂದು ಬರೆಯುತ್ತಿದ್ದಳು.

"ಸಿಸ್ಟರ್, ಅದನ್ನ ಹೊಡದ ಹಾಕ್ರಿ. ತಕರಾರ ಅದ," ಎಂದಳು ಬಾಳಾಬಾಯಿ.

"ಯಾರ ಮ್ಯಾಲ?"

"ನನ್ನ ಮ್ಯಾಲ."

ನಂದಾಳ ಕೈಯ ವಿಷಯವನ್ನು ಇದ್ದದ್ದು ಇದ್ದಂತೆ ಹೇಳಿದಳು. ಸಿದರಾಯನೇ ಸಮಾಧಾನಕ್ಕೆ ಬಂದ. "ಹನ್ನೊಂದ ವರ್ಷದಾಗ ಒಮ್ಮಿ ತಪ್ಪೂದೇನ ದೊಡ್ಡದ?"

"ಗೊತ್ತಾಗಿದ್ದು ಒಮ್ಮಿ, ಸಿದರಾಯ. ಕಾದು ಕಾದು ಸುಮ್ನ ಎದ್ದ ಮನಿಗಿ ಹೋದವರು ಎಷ್ಟ ಮಂದಿನೋ. ನೆಪ್ಪ ಹಾರಾಕತ್ತದ ನಂದು. ಇನ್ನೊಂದ ಹೇಳ್ತೀನಿ. ಮದಲ ಬಂದವರು ಮದಲ ಅಂತೀನಿ ನಾ. ಹನ್ನೊಂದರ ಗಾಡಿಯವರು ಮದಲ ಹ್ಯಾಂಗ ಬರ್ತಾರ? ಅವರ ಪಾಳಿ ಬರೂದ್ರಾಗ ಮ್ಯಾಡಮ್ ಏಳ್ತಾರ. ನಂಬರ್ ಹಾಕಿ ಚೀಟಿ ಕೊಡ್ರಿ. ಗಾಡಿಯವರಿಗಿ ಒಂದ ಹತ್ತ ಚೀಟಿ ಬ್ಯಾರೇ ತಗದ ಇಡ್ರಿ."

ಡಾಕ್ಟರಿಗೆ ಬೇಕಾಗಿದ್ದ ಉತ್ತರ ಅದೇ. ಬಸ್ಸಿನ ವೇಳೆ ಕೇಳಿದರು, ಹತ್ತು ಚೀಟಿ ಸಾಕೇ ಎಂದು ಚರ್ಚೆಯಾಯಿತು, ಹದಿನೈದೆಂದು ಠರಾವಾಯಿತು. ಬಾಳಾಬಾಯಿಯ ಮಾತುಗಳನ್ನು ದಾಕ್ಷಾಯಣಿ ಒಂದನೆಯ ಸೂಚನೆ, ಎರಡನೆಯ ಸೂಚನೆ ಎಂದು ಅಚ್ಚುಕಟ್ಟಾಗಿ ಬರೆದುಕೊಂಡಳು. ಮೆಂಬರ್ ಮಾಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಬಾಳಾಬಾಯಿಗೆ ಕೆಟ್ಟೆನಿಸಿತು. ಸರಿ ಮಾಡಿದೆನೆಂಬ ಸಮಾಧಾನವೂ ಇತ್ತು, ಆದರೆ ಕೆಟ್ಟೆನಿಸಿದ್ದೇ ಹೆಚ್ಚು.

ಮುಂದಿನ ಸೋಮವಾರದಿಂದ ಚೀಟಿ ಶುರುವಾಯಿತು. ಬಾಳಾಬಾಯಿ ಗುಳಿಗೆಗೆಂದು ಹೋದಳು. ಗುಳಿಗೆಯನ್ನು ಕಿಟಕಿಯಲ್ಲೇ ಕೊಡುತ್ತಾರೆ, ಅದಕ್ಕೆ ಚೀಟಿ ಬೇಡ. ಇಸಿದುಕೊಂಡು ಮನೆಗೆ ಹೋಗಬಹುದಿತ್ತು, ಕಾಲು ಬರಲಿಲ್ಲ. ಮೆಟ್ಟಿಲು ಬಿಟ್ಟು ಬೇವಿನ ಕೆಳಗೆ ಎಲ್ಲರ ಜೊತೆ ಕುಳಿತಳು. ಬರುವವರು ನೇರ ಕಿಟಕಿಗೆ ಹೋಗಿ ಚೀಟಿ ತಂದು ಅದನ್ನೇ ನೋಡುತ್ತ ಕೂರುತ್ತಿದ್ದರು. ಹನ್ನೊಂದರ ಬಸ್ಸು ಬಂತು. ಇಳಿದವರಲ್ಲಿ ನಂದಾ ಇದ್ದಳು, ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದಳು. ಕಿಟಕಿಗೆ ಹೋಗಿ ಬಂದು ಬಾಳಾಬಾಯಿಯ ಪಕ್ಕ ಕುಳಿತಳು.

ಬಾಳಾಬಾಯಿಯೇ ಮಾತು ತೆಗೆದಳು. "ಅವತ್ತ ನೀ ಎದ್ದು ಕೇಳಬೇಕಿತ್ತವ್ವ. ನನ್ನ ಪಾಳಿ ಎಲ್ಲಿ ಹೋತು ಅಂತ."

"ಕೇಳಾಕ ಎದ್ದಿದ್ದೆ ಆಯಿ. ನೀ ನನ್ನ ಕಡಿ ನೋಡಿದಿ. ಎರಡ ಸಲ ನೋಡಿದಿ. ನಾ ಯಾರಂತ ನಿನಗ ಗುರ್ತ ಸಿಗಲಿಲ್ಲ. ಅಷ್ಟ ಮಂದಿ ಮುಂದ ಕೇಳಿದ್ರ ನಿನಗ ಹ್ಯಾಂಗ ಅನಸ್ತಿತ್ತು? ಅದಕ್ಕ ಕುಂತೆ."

ಬಾಳಾಬಾಯಿ ಅವಳ ಪಟ್ಟಿ ಕಟ್ಟಿದ ಕೈಯನ್ನೇ ನೋಡಿದಳು.

"ನಮ್ಮ ಅತ್ತಿಗೂ ಹಿಂಗ ಸುರು ಆಗಿತ್ತು," ಎಂದಳು ನಂದಾ. "ವಯಸ್ಸಾತು ಅಂತ ನಾವ್ಯಾರೂ ದವಾಖಾನಿಗಿ ತರಲಿಲ್ಲ. ಕಡಿಕ ಕಡಿಕ ಮಗನ ಹೆಸರೂ ಉಳೀಲಿಲ್ಲ ಆಕಿಗಿ." ಒಳ್ಳೆಯ ಕೈಯಿಂದ ಸೊಂಟದ ಚೀಲ ಬಿಚ್ಚಿ ಎರಡು ಚೀಟಿ ತೆಗೆದಳು. "ಇದ ನಂದು. ಇದ ನಿಂದು. ನಿನ್ನ ಹೆಸರ ಬರಸೀನಿ."

"ನನಗ ಗುಳಗಿ ಕಿಡಕ್ಯಾಗ ಕೊಟ್ಟಾರಲ್ಲ. ಒಳಗ ನಂದೇನ ಕೆಲಸ?"

"ಸಭಾದಾಗ ನೆಪ್ಪ ಹಾರಾಕತ್ತದ ಅಂದಿ ಅಂತಲ್ಲ. ಅದನ್ನ ಒಳಗ ಕುಂತು ಹೇಳು."

ಮೂವತ್ತು ಮಂದಿಯ ಮುಂದೆ, ಡಾಕ್ಟರ ಎದುರಿಗೇ ಬಾಳಾಬಾಯಿ ಆ ಮಾತು ಆಡಿದ್ದಳು. ಅದು ವಹಿಯಲ್ಲಿ ಪಾಳಿಯ ತಕರಾರೆಂದು ಸೇರಿತ್ತು. ಅದು ಒಬ್ಬ ಪೇಶಂಟಿನ ಜಡ್ಡು ಎಂದು ಡಾಕ್ಟರಿಗೂ ಹೊಳೆದಿರಲಿಲ್ಲ, ಬಾಳಾಬಾಯಿಗೂ ಹೊಳೆದಿರಲಿಲ್ಲ.

ಒಳಗಿನಿಂದ ನಂಬರು ಕರೆದರು. ನಂದಾ ಎದ್ದು ಅವಳ ರಟ್ಟೆಗೆ ಕೈ ಕೊಟ್ಟಳು. "ಮದಲ ನೀ ನಡಿ."

ಬಾಳಾಬಾಯಿ ಒಳಗೆ ಹೋಗಿ ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕುಳಿತಳು. ಏನಾಗುತ್ತದೆ ಎಂದು ಡಾಕ್ಟರು ಕೇಳಿದರು. "ಮಂದೀದು ಗುರ್ತ ಸಿಗವಲ್ದ್ರಿ" ಎಂದು ಹೇಳಿ ಅವಳು ಅಳತೊಡಗಿದಳು.