ಸೂತಕದ ದಿನ ಸುರಿದ ಸಾರು

ಇವತ್ತು ಮಧ್ಯಾಹ್ನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಡಬ್ಬ ಬೆವರುತ್ತಿತ್ತು. ಬಿಳಿ ಪ್ಲಾಸ್ಟಿಕ್ಕಿನದು, ಮುಚ್ಚಳ ನೀಲಿ. ಮುಚ್ಚಳದ ಮೇಲಿನ ಚೀಟಿಯಲ್ಲಿ ‘ಹುರುಳಿ ಬಸ್ಸಾರು, ಐದು ಜನಕ್ಕೆ’ ಎಂದು ಬರೆದಿತ್ತು. ರಾತ್ರಿಯ ಊಟಕ್ಕೆಂದು ನಾನೇ ಫ್ರೀಜರಿನಿಂದ ತೆಗೆದಿಟ್ಟದ್ದು. ಅಷ್ಟರಲ್ಲಿ ಫೋನು ಬಂತು. ದಂಡಿನಶಿವರದ ದೊಡ್ಡಜ್ಜಿ ಹೋದರಂತೆ. ಅವರು ನಮ್ಮ ಮನೆಯವರ ದಾಯಾದಿಗಳ ಪೈಕಿ, ಅಂದರೆ ನಮಗೂ ಸೂತಕ. ಫೋನಿಟ್ಟು ತಿರುಗಿದಾಗ ಕಣ್ಣಿಗೆ ಬಿದ್ದದ್ದು ಆ ಡಬ್ಬ. ಎರಡು ವರ್ಷದ ಹಿಂದೆ ನನ್ನ ಕೈಯೇ ಮಾಡಿದ ಒಂದು ಕೆಲಸ ನೆನಪಾಯಿತು.

ಆ ಕೆಲಸವನ್ನು ನಡೆದ ಹಾಗೆಯೇ ಹೇಳಬೇಕೆಂದಿದ್ದೇನೆ. ಸಿಟ್ಟಿನಲ್ಲಿ ಹೇಳಿದರೆ ಒಂದಕ್ಕೆ ಎರಡು ಸೇರಿಕೊಳ್ಳುತ್ತದೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಸಿಟ್ಟು ಇನ್ನೂ ಇದೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು.

ಮಂಜುಳ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಆರೂವರೆಗೆ ಫ್ಯಾಕ್ಟರಿಯ ವ್ಯಾನು ಅರಳಿಕಟ್ಟೆಗೆ ಬರುತ್ತದೆ, ಸಂಜೆ ಏಳಕ್ಕೆ ಅಲ್ಲೇ ಇಳಿಸುತ್ತದೆ. ಮನೆಯಲ್ಲಿ ಬೆಳಗಿನ ಅಡುಗೆ ನನ್ನದು, ರಾತ್ರಿಯದು ಅವಳದು. ಈ ಕಟ್ಟಳೆ ಯಾರು ಮಾಡಿದರೋ ನೆನಪಿಲ್ಲ. ನನಗೆ ಅನುಕೂಲವಾಗಿದ್ದುದರಿಂದ ನಾನು ಕೇಳಲೂ ಇಲ್ಲ. ದಿನವಿಡೀ ಮೆಷಿನ್ನಿನ ಮುಂದೆ ಕೂತು ಬಂದವಳು ರಾತ್ರಿ ಒಲೆ ಹಚ್ಚಲಾರದೆ ಹೋದರೆ ಮೈದುನ ಹೋಟೆಲಿನಿಂದ ಪಾರ್ಸೆಲ್ ತರುತ್ತಿದ್ದ. ಅವಳ ಸಂಬಳ ಹಾಗೇ ಪರೋಟ, ಚಿತ್ರಾನ್ನವಾಗಿ ಕರಗುತ್ತಿತ್ತು. ಅವಳಿಗಿದ್ದದ್ದು ಒಂದೇ ಆಸೆ. ಸ್ವಂತಕ್ಕೊಂದು ಮೆಷಿನ್ನು ಕೊಂಡು, ಮಾಯಸಂದ್ರದಲ್ಲಿ ಒಂದು ಮಳಿಗೆ ಹಿಡಿದು, ಇನ್ನೊಬ್ಬರ ಗಂಟೆಗೆ ಏಳುವುದನ್ನು ನಿಲ್ಲಿಸುವುದು.

ಒಂದು ದಿನ ತುರುವೇಕೆರೆಯಿಂದ ಆಟೋದಲ್ಲಿ ಮಂಜುಳ ಕೊಂಡ ಒಂದು ಹಳೆಯ ಫ್ರೀಜರ್ ಬಂದಿಳಿಯಿತು. ಬಾಗಿಲು ಹಾಕಿದ ಯಾವುದೋ ಐಸ್‌ಕ್ರೀಮ್ ಅಂಗಡಿಯದು. ಪಕ್ಕದಲ್ಲಿ ಅರ್ಧ ಕೆರೆದುಹೋದ ಕೋನಿನ ಚಿತ್ರ ಬೇರೆ. ಎರಡು ದಿನ ಬೀದಿಯ ಮಕ್ಕಳೆಲ್ಲ ನಮ್ಮ ಹೊಸಿಲಲ್ಲಿ ಬಂದು ನಿಂತವು. ಅತ್ತೆ ಅದಕ್ಕೆ ‘ಐಸ್‌ಕ್ರೀಮ್ ಡಬ್ಬ’ ಎಂದೇ ಹೆಸರಿಟ್ಟರು.

ಅಂದಿನಿಂದ ಮಂಜುಳನ ಭಾನುವಾರಗಳು ಒಲೆಯ ಮುಂದೆ ಕಳೆದವು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ತರಕಾರಿಯನ್ನು ಮೂಟೆಯಲ್ಲಿ ತರುವಳು. ಎರಡು ವಾರಕ್ಕಾಗುವಷ್ಟು ಬಸ್ಸಾರು, ಹುಳಿ, ಹಿದಕಿದ ಅವರೆಬೇಳೆ ಸಾರು ಮಾಡಿ, ಆರಿಸಿ, ಡಬ್ಬಗಳಿಗೆ ತುಂಬಿ, ಚೀಟಿ ಅಂಟಿಸುವಳು. ಸಂಜೆ ಬಂದು ಮುದ್ದೆಯೊಂದನ್ನು ತೊಳಸಿದರೆ ಮುಗಿಯಿತು. ಒಮ್ಮೆ ಮುದ್ದೆಯನ್ನೂ ಫ್ರೀಜರಿಗೆ ಹಾಕಿ ನೋಡಿದಳು. ಮೈದುನ ಅದನ್ನು ಕಟ್ಟೆಗೆ ಕುಟ್ಟಿ, “ಇದ್ನ ತೋಟದ ಬದೀಗಿಡಾನ ಕಣೇ, ಗಡಿಕಲ್ಲಾಯ್ತದೆ” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಕಾಯಿತುರಿಯನ್ನೂ ತುರಿದು ಇಡುತ್ತಿದ್ದಳು. ಅತ್ತೆಗೆ ಅದೊಂದು ಮಾತ್ರ ತಡೆಯಲಾಗಲಿಲ್ಲ. “ತೆಂಗಿನ ಸೀಮೇಲಿದ್ಕಂಡು ಕಾಯ್ತುರೀನ ಐಸಿಗಾಕ್ತಾಳಲ್ಲೇ ಇವ್ಳು! ಹಿತ್ಲಿಗೋದ್ರೆ ಕಾಯಿ ಬಿದ್ದಿರ್ತೈತೆ. ತಂಗ್ಳು ತಿನ್ನೋ ಕರ್ಮ ಯಾರಿಗ್ ಬಂದೈತೆ?” ಎಂದರು. ನಾನೂ ಅವರ ಜೊತೆ ನಕ್ಕೆ. ನಕ್ಕವಳೇ ರಾತ್ರಿ ಎರಡು ಸಲ ಸಾರು ಹಾಕಿಸಿಕೊಂಡೆ.

ಆಗ ಹೊಳೆಯದಿದ್ದ ಒಂದು ಮಾತನ್ನು ಇಲ್ಲಿ ಹೇಳಬೇಕು. ನಾವು ನಕ್ಕಾಗ ನಮ್ಮ ತಲೆಯ ಮೇಲಿನ ಅಟ್ಟದಲ್ಲಿ ಸಾವಿರಾರು ತೆಂಗಿನಕಾಯಿಗಳು ಮಲಗಿದ್ದವು. ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವ ತನಕ ನಾವು ಕಾಯುತ್ತೇವೆ. ಅದನ್ನು ಯಾರೂ ತಂಗಳು ಎನ್ನುವುದಿಲ್ಲ, ಅದಕ್ಕೆ ತಿಪಟೂರಿನಲ್ಲಿ ಹರಾಜು ಕೂಗುತ್ತಾರೆ. ವರ್ಷಗಟ್ಟಲೆ ಕೂಡಿಡುವುದನ್ನೇ ಕಸುಬು ಮಾಡಿಕೊಂಡ ಸೀಮೆಯ ಜನ, ಒಬ್ಬಳು ಹದಿನೈದು ದಿನದ ಸಾರು ಕೂಡಿಟ್ಟದ್ದಕ್ಕೆ ನಗುತ್ತೇವೆ.

ಆ ದಿನ ಸೋಮವಾರ. ಹಿಂದಿನ ದಿನವಷ್ಟೇ ಮಂಜುಳ ಫ್ರೀಜರನ್ನು ಬಾಯಿಮಟ್ಟ ತುಂಬಿದ್ದಳು, ಇಪ್ಪತ್ತಾರು ಡಬ್ಬ. ಹನ್ನೊಂದು ಗಂಟೆಗೆ ಹಂದನಕೆರೆಯ ದಾಯಾದಿಯೊಬ್ಬರು ತೀರಿಕೊಂಡರೆಂದು ಸುದ್ದಿ ಬಂತು. ತೋಟದ ಬದುವಿನ ಜಗಳದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ನಮ್ಮ ಮಾವನವರು ಸತ್ತಾಗ ಆ ಮನುಷ್ಯ ಮಣ್ಣಿಗೂ ಬಂದಿರಲಿಲ್ಲ. ಆದರೂ ಸೂತಕ ಸೂತಕವೇ.

ಎರಡು ಮನೆ ಆಚೆಗಿರುವ ಚಿಕ್ಕಮಾವ, ಅಂದರೆ ಮಾವನವರ ತಮ್ಮ, ಬಾಗಿಲಲ್ಲಿ ನಿಂತು, “ಬೆಂದಿದ್ದೆಲ್ಲ ಆಚಿಕ್ ಸುರೀರವ್ವ. ಒಲೆ ಸಾರ್ಸಿ, ತಲೆಗೆ ನೀರಾಕ್ಕಳಿ” ಎಂದರು.

ನಾನು ಬೆಳಗಿನ ಅನ್ನ, ಪಲ್ಯ ಎತ್ತಿಕೊಂಡೆ. ಅವರು ಫ್ರೀಜರಿನ ಕಡೆ ಬೆರಳು ತೋರಿಸಿದರು. “ಅದ್ರಾಗಿರಾದು?”

ಅತ್ತೆ ಅನುಮಾನಿಸಿದರು. ಇದನ್ನು ಅವರ ಪರವಾಗಿ ಬರೆಯಲೇಬೇಕು. “ಅದು ಐಸಾಗೈತಲ್ಲಪ್ಪ, ಇನ್ನೊಂದ್ಸಲ ಬೇಯ್ಸೇ ತಿನ್ನಾದು” ಎಂದರು.

“ಬೆಂದಿದ್ದು ಬೆಂದಿದ್ದೇ ಕಣತ್ಗೆ. ಉಪ್ಪಿನ್ಕಾಯ್ಗೆ ದೋಸ ಇಲ್ಲ, ತುಪ್ಪಕ್ಕಿಲ್ಲ. ಸಾರಿಗೈತೆ.”

ಮಂಜುಳನಿಗೆ ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ. “ಸಂಜೆ ಅವಳು ಬರಲಿ” ಎನ್ನಬಹುದಿತ್ತು, ಅದನ್ನೂ ಅನ್ನಲಿಲ್ಲ. ಇಪ್ಪತ್ತಾರು ಡಬ್ಬಗಳನ್ನು ಕುಕ್ಕೆಯಲ್ಲಿ ಹೊತ್ತು ಮೂರು ಸಲ ತಿಪ್ಪೆಗೆ ಹೋಗಿಬಂದೆ. ಸುರಿಯುವುದು ಎಂದರೆ ಸುರಿಯುವುದಲ್ಲ, ಅವು ಸುರಿಯಲಿಲ್ಲ. ಡಬ್ಬವನ್ನು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದರೆ ಸಾರು ಇಟ್ಟಿಗೆಯ ಹಾಗೆ ಇಡಿಯಾಗಿ ಜಾರಿ ಬೀಳುತ್ತಿತ್ತು. ನಾಯಿಯೊಂದು ನೆಕ್ಕಲು ಹೋಗಿ, ನಾಲಿಗೆಗೆ ಚುರುಕು ತಾಗಿ, ಕುಂಯ್ ಎಂದು ಹಿಂದೆ ಸರಿಯಿತು. ಆಮೇಲೆ ನಾನು ಡಬ್ಬಗಳನ್ನೆಲ್ಲ ತೊಳೆದು ಸಾಲಾಗಿ ಬೋರಲು ಹಾಕಿದೆ. ಚೊಕ್ಕವಾಗಿ ಕೆಲಸ ಮಾಡಿದ ಸಮಾಧಾನವೂ ಆಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಸಂಜೆ ಮಂಜುಳ ತಿಪ್ಪೆಯ ದಾರಿಯಲ್ಲೇ ಬಂದಳು. ಅಷ್ಟು ಹೊತ್ತಾದರೂ ರಾಶಿಯ ಅಡಿಯಲ್ಲಿ ಸಾರಿನ ಕೆಲವು ಗಟ್ಟಿಗಳು ಪೂರ್ತಿ ಕರಗಿರಲಿಲ್ಲ. ಒಳಗೆ ಬಂದವಳು ಬೋರಲಾದ ಡಬ್ಬಗಳನ್ನು ನೋಡಿದಳು.

“ಅಕ್ಕ, ನೀನೇ ತೊಳೆದ್ಯಾ?”

“ಸೂತ್ಕ ಕಣೇ, ಹಂದನಕೆರೆ...” ಎಂದೆ.

“ಒಂಬತ್ತೊರ್ಸದಿಂದ ಇಲ್ದಿದ್ ನೆಂಟಸ್ತಿಕೆ ನನ್ ಸಾರಿಗ್ ಬಂತಾ?” ಎಂದಳು. ಕೂಗಲಿಲ್ಲ. ಒಂದು ಡಬ್ಬ ಎತ್ತಿ, ಒಳಗೆ ಉಳಿದಿದ್ದ ನೀರನ್ನು ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು.

ಮಣ್ಣಿಗೆ ಹೋಗಿದ್ದ ಗಂಡಸರು ಆಮೇಲೆ ಬಂದು, ಮಿಂದು, ಹಸಿವು ಎಂದರು. ಮೈದುನ ಹೋಟೆಲಿಗೆ ಹೋದ. ಚಿಕ್ಕಮಾವನೂ ನಮ್ಮಲ್ಲೇ ಕೂತು ಇಡ್ಲಿಗೆ ಸಾಂಬಾರು ಸುರಿದುಕೊಂಡು ಉಂಡರು. ಆ ಸಾಂಬಾರು ಯಾವಾಗ ಬೆಂದದ್ದು, ಯಾರ ಮನೆಯ ಯಾವ ಮೈಲಿಗೆಯಲ್ಲಿ ಬೆಂದದ್ದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮಂಜುಳ ಮತ್ತೆ ಫ್ರೀಜರ್ ತುಂಬಲಿಲ್ಲ. ಪ್ಲಗ್ಗು ಕಿತ್ತು ಅದರ ಮೇಲೆ ಬಟ್ಟೆ ಮಡಚಿಟ್ಟಳು. ನಾಲ್ಕು ಗಂಟೆಗೇ ಎದ್ದು ರಾತ್ರಿಯ ಸಾರನ್ನೂ ಮಾಡಿಟ್ಟು ವ್ಯಾನಿಗೆ ಓಡುತ್ತಿದ್ದಳು. ಮೂರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮೆಷಿನ್ನಿನ ಮುಂದೆ ಕಣ್ಣು ಎಳೆದು, ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಹೋಯಿತು. ಸುತ್ತಿದ ಬಟ್ಟೆಯೊಂದಿಗೆ ಮನೆಗೆ ಬಂದವಳನ್ನು ನೋಡಿ ಅತ್ತೆ, “ಕೆಲ್ಸ ಬುಟ್ಬುಡೇ” ಎಂದರು. “ಕೆಲ್ಸ ಬುಡಕ್ಕೇ ಅತ್ತೆ ನಾನ್ ಸಾರಿಡ್ತಿದ್ದದ್ದು” ಎಂದಳು ಮಂಜುಳ.

ಮುಂದಿನ ಭಾನುವಾರ ನಾನೇ ಪ್ಲಗ್ಗು ಹಾಕಿದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಈಳಿಗೆಮಣೆ ಹಾಕಿಕೊಂಡು ಕುಳಿತು, ಎಷ್ಟು ಹೆಚ್ಚಲಿ ಎಂದು ಕೇಳಿದೆ. ಅವಳು ಕಟ್ಟಿದ ಬೆರಳಿನಿಂದಲೇ ಮೂಟೆ ತೋರಿಸಿದಳು. ಅಂದಿನಿಂದ ಇಬ್ಬರೂ ತುಂಬುತ್ತಿದ್ದೇವೆ. ಕರೆಂಟು ಹೋದಾಗ ತಣುಪು ಆರದಿರಲೆಂದು ಅತ್ತೆ ತಮ್ಮ ಕೌದಿಯನ್ನೇ ಅದಕ್ಕೆ ಹೊದಿಸುತ್ತಾರೆ. ಮೆಷಿನ್ನು ಬಂದಿದೆ, ಮಳಿಗೆಯೊಂದು ಬಾಕಿ.

ಇವತ್ತು ಹೋದ ದೊಡ್ಡಜ್ಜಿ ಹಂದನಕೆರೆಯವರಂತಲ್ಲ, ನನಗೆ ಬೇಕಾದವರು. ಹೋದ ವರ್ಷ ನಮ್ಮಲ್ಲಿಗೆ ಬಂದಾಗ ಇಂಥದೇ ಡಬ್ಬದ ಬಸ್ಸಾರು ಉಂಡು, “ಇನ್ನೊಂದ್ ಸೌಟು ಬುಡವ್ವ” ಎಂದಿದ್ದರು. ನನಗೆ ಅಳು ಬಂತು. ಒಲೆಯ ಮೇಲಿದ್ದ ಬೆಳಗಿನ ಅನ್ನ ಸಾರು ಸುರಿದೆ. ತಲೆಗೆ ನೀರು ಹಾಕಿಕೊಂಡೆ. ಬೆವರುತ್ತಿದ್ದ ಡಬ್ಬವನ್ನು ಮುಟ್ಟಲಿಲ್ಲ.

ಚಿಕ್ಕಮಾವ ಬಂದರು. “ಬೆಂದಿದ್ದೆಲ್ಲ ಸುರುದ್ರಾ?”

“ಒಲೆ ಮೇಲಿಂದು ಸುರ್ದಿವ್ನಿ. ಫ್ರೀಜರಿಂದು ಸುರಿಯಲ್ಲ ಚಿಕ್ಕಮಾವ.”

“ಸುರಿಯಲ್ಲ ಅಂದ್ರೆ?”

“ಅಜ್ಜಿ ಕೇಳಿ ಹಾಕಿಸ್ಕಂಡ್ ಉಂಡಿದ್ ಸಾರದು. ಅವ್ರ ಹೆಸ್ರೇಳಿ ತಿಪ್ಪೆಗಾಕಲ್ಲ.”

ಅವರು ಅತ್ತೆಯ ಕಡೆ ತಿರುಗಿದರು. ಅತ್ತೆ ಮಂಚದಿಂದ ಎದ್ದು ಕೌದಿ ತಂದು ಫ್ರೀಜರಿನ ಮೇಲೆ ಹೊದಿಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿದರು. ಕರೆಂಟು ಹೋಗಿರಲಿಲ್ಲ. ಚಿಕ್ಕಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಏಳು ಗಂಟೆಗೆ ಮಂಜುಳ ಓಡುತ್ತಲೇ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ನನ್ನ ಮುಖ ನೋಡಲಿಲ್ಲ, ತೊಳೆಯುವ ಕಲ್ಲಿನ ಕಡೆ ನೋಡಿದಳು. ಅಲ್ಲಿ ಬೋರಲು ಹಾಕಿದ ಡಬ್ಬ ಒಂದೂ ಇರಲಿಲ್ಲ. ಕೌದಿ ಸರಿಸಿ, ಮುಚ್ಚಳ ಎತ್ತಿ ಇಣುಕಿ, ಮತ್ತೆ ಮುಚ್ಚಿದಳು. ಕಟ್ಟೆಯ ಮೇಲಿನ ಡಬ್ಬ ಅಷ್ಟು ಹೊತ್ತಿಗೆ ಪೂರ್ತಿ ಕರಗಿತ್ತು.

“ಅಕ್ಕ,” ಎಂದಳು ಕೈ ಒರೆಸಿಕೊಳ್ಳುತ್ತ, “ಮುದ್ದೆಗೆ ನೀರಿಡ್ಲಾ?”