ಕುಂಕುಮ ಬಿದ್ದ ಬಟನ್

ರಾಜಾಜಿನಗರದ ಬೇರಿಂಗ್ ಗೋಡೌನೊಂದಕ್ಕೆ ಸ್ಟಾಕ್ ಎಂಟ್ರಿ ಮಾಡುವ ಸ್ಕ್ರೀನನ್ನು ಹೊಸದಾಗಿ ಮಾಡಿಕೊಟ್ಟಿದ್ದೆ. ಹಳೆಯದರ ಹಸಿರು, ಹಳದಿ, ನೇರಳೆಯನ್ನೆಲ್ಲ ಕಿತ್ತುಹಾಕಿ ತೆಳು ಬೂದು ಬಣ್ಣ, ಒಂದೇ ಅಳತೆಯ ಬಟನ್‌ಗಳು. ಏನು ಲುಕ್ಕು ಅಂತೀರಿ! ನನ್ನ ದೃಷ್ಟಿಯೇ ತಾಕೀತು ಅನ್ನಿಸಿತ್ತು.

ಎಲ್ಲ ತೋರಿಸಿ ಮುಗಿಸಿದ ಮೇಲೆ ಸ್ಟೋರ್ ನೋಡಿಕೊಳ್ಳುವ ಗಂಗಮ್ಮ ಆಂಟಿ, "ತಡೀರಿ ಸಾರ್, ಪೂಜೆ ಇಲ್ದೆ ಶುರು ಮಾಡ್ಬಾರ್ದು" ಅಂದವರೇ ಮಾನಿಟರ್‌ಗೆ ಕುಂಕುಮ ಇಟ್ಟೇಬಿಟ್ಟರು. ಅಂಚಿಗಲ್ಲ, ನಟ್ಟ ನಡು ಸ್ಕ್ರೀನಿಗೆ!

ಅಯ್ಯೋ ಅಂತ ಒರೆಸಲು ಹೋದೆ. ಕೈ ತಡೆದರು.

"ಬೇಕಂತ್ಲೇ ಅಲ್ಲಿಟ್ಟೆ ಸಾರ್. ನಿಮ್ಮ ಬಟನ್ನೆಲ್ಲಾ ಒಂದೇ ಥರ ಇವೆ. ಸೇವ್ ಯಾವ್ದು ಅಂತ ನಾಳೆ ಯಾರನ್ನ ಕೇಳ್ಲಿ?"

ಅಲ್ಲೇ ಕೂತು ಸೇವ್ ಬಟನ್‌ಗೆ ಕುಂಕುಮದ ಬಣ್ಣ ಹಾಕಿದೆ.

ಸಂಜೆ ಮಾಲೀಕರು ಬಂದು, "ಸಖತ್ ಪ್ರೊಫೆಷನಲ್ಲಾಗಿದೆ ಕಣ್ರೀ!" ಅಂದರು. ಬೆರಳಿಟ್ಟು ತೋರಿಸಿದ್ದು ಮಾತ್ರ ಆ ಬಟನ್ನನ್ನೇ.